ಕಾನೋದ ಪೋಲಿಯೋ ಹನಿ: ಸಂಶಯಕ್ಕೆ ಬೆಲೆ ತೆತ್ತವರು

ಲಸಿಕೆಯ ಕುರಿತ ಭಯವನ್ನು ಬರೀ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಎಷ್ಟೋ ಬಾರಿ ಆ ಭಯದ ಹಿಂದೆ ಮಾಯದ ಗಾಯವೊಂದಿರುತ್ತದೆ. ಮುಸ್ಲಿಮರೇ ಬಹುಸಂಖ್ಯಾತರಾಗಿರುವ ಉತ್ತರ ನೈಜೀರಿಯಾದ ಕಾನೋ ರಾಜ್ಯದ ಚರಿತ್ರೆ ಇದಕ್ಕೆ ಸಾಕ್ಷಿ.

1996ರಲ್ಲಿ ಅಲ್ಲಿ ಮೆನಿಂಜೈಟಿಸ್ ಎಂಬ ಮೆದುಳುಪೊರೆಯ ರೋಗ ಭೀಕರವಾಗಿ ಹಬ್ಬಿತು. ಆಗ ಅಮೆರಿಕದ ಫೈಝರ್ ಕಂಪೆನಿಯು ಟ್ರೋವಾನ್ ಎಂಬ ಹೊಸ ಔಷಧದ ಪ್ರಯೋಗವನ್ನು ಸುಮಾರು 200 ರೋಗಪೀಡಿತ ಮಕ್ಕಳ ಮೇಲೆ ನಡೆಸಿತು. ಅರ್ಧದಷ್ಟು ಮಕ್ಕಳಿಗೆ ಹೊಸ ಔಷಧವನ್ನೂ ಉಳಿದವರಿಗೆ ಬಳಕೆಯಲ್ಲಿದ್ದ ಇನ್ನೊಂದು ಔಷಧವನ್ನೂ ನೀಡಲಾಯಿತು. ಒಟ್ಟು 11 ಮಕ್ಕಳು ಮೃತಪಟ್ಟರು. ಇದು ಪ್ರಯೋಗವೆಂದು ತಮಗೆ ತಿಳಿಸಿರಲಿಲ್ಲವೆಂದು ಪೋಷಕರು ದೂರಿದರು. ಸಾವಿಗೆ ಕಾರಣ ರೋಗವೇ ಹೊರತು ಔಷಧವಲ್ಲವೆಂದು ಕಂಪೆನಿ ವಾದಿಸಿತು. 2009ರಲ್ಲಿ ಕಾನೋ ಸರಕಾರದೊಂದಿಗೆ 7.5 ಕೋಟಿ ಡಾಲರ್‌ಗಳ ಒಪ್ಪಂದವಾಯಿತು.

ಈ ನೋವು ಹಸಿಯಾಗಿರುವಾಗಲೇ, 2003ರಲ್ಲಿ, ಪೋಲಿಯೋ ಹನಿಯಲ್ಲಿ ಬಂಜೆತನ ತರುವ ವಸ್ತುವಿದೆಯೆಂಬ ವದಂತಿ ಹರಡಿತು. ಅದು ಇರಾಕ್ ಯುದ್ಧದ ವರ್ಷವೂ ಆಗಿತ್ತು. ಪಶ್ಚಿಮದಿಂದ ಬಂದುದನ್ನು ನಂಬಲು ಜನರ ಮನಸ್ಸು ಒಪ್ಪಲಿಲ್ಲ. ಕಾನೋ ಸರಕಾರ ಲಸಿಕೆಯನ್ನೇ ನಿಲ್ಲಿಸಿತು.

ಮುಂದೇನಾಯಿತು? ವೈರಾಣು ನೈಜೀರಿಯಾದ ಗಡಿ ದಾಟಿ ಹಲವು ದೇಶಗಳಿಗೆ ಹರಡಿತು. ಹತ್ತು ವರ್ಷಗಳಿಂದ ಪೋಲಿಯೋ ಇಲ್ಲದಿದ್ದ ಇಂಡೋನೇಷ್ಯಾದಲ್ಲಿ 2005ರಲ್ಲಿ ಸುಮಾರು 300 ಮಕ್ಕಳು ಅದಕ್ಕೆ ತುತ್ತಾದರು. ನೈಜೀರಿಯಾದಲ್ಲಿಯೇ 2006ರಲ್ಲಿ ಪೋಲಿಯೋಗೆ ತುತ್ತಾದ ಮಕ್ಕಳ ಸಂಖ್ಯೆ 1,100 ದಾಟಿತು. ಪ್ರಯೋಗ ನಡೆಸಿದವರಾಗಲಿ ವದಂತಿ ಹಬ್ಬಿಸಿದವರಾಗಲಿ ಕಾಲು ಕಳೆದುಕೊಳ್ಳಲಿಲ್ಲ. ಏನೂ ಅರಿಯದ ಕಂದಮ್ಮಗಳು ಕಳೆದುಕೊಂಡರು.

ಗಮನಾರ್ಹವೆಂದರೆ, ಬಹಿಷ್ಕಾರ ಕೊನೆಗೊಂಡದ್ದು ಬಲಪ್ರಯೋಗದಿಂದಲ್ಲ. ಲಸಿಕೆಯನ್ನು ಪರೀಕ್ಷೆಗೆ ಒಳಪಡಿಸಲಾಯಿತು. ಮುಸ್ಲಿಮ್ ಬಹುಸಂಖ್ಯಾತ ದೇಶವಾದ ಇಂಡೋನೇಷ್ಯಾದಲ್ಲಿ ತಯಾರಾದ ಲಸಿಕೆಯನ್ನು ತರಿಸಲಾಯಿತು. 2004ರ ಜುಲೈಯಲ್ಲಿ ಹನಿ ಹಾಕುವ ಕಾರ್ಯ ಮತ್ತೆ ಆರಂಭವಾಯಿತು. ಕ್ರಮೇಣ ಉಲಮಾಗಳೂ ಸ್ಥಳೀಯ ಅಮೀರರೂ ಜನರ ಮನವೊಲಿಸಲು ಮುಂದೆ ಬಂದರು. 2020ರ ಆಗಸ್ಟ್‌ನಲ್ಲಿ ಆಫ್ರಿಕಾ ಖಂಡವು ವೈಲ್ಡ್ ಪೋಲಿಯೋ ವೈರಾಣುವಿನಿಂದ ಮುಕ್ತವೆಂದು ಘೋಷಿಸಲ್ಪಟ್ಟಿತು.

ಸುದ್ದಿ ಬಂದಾಗ ಪರಿಶೀಲಿಸಿರಿ, ಅರಿಯದೆ ಯಾರಿಗೂ ಹಾನಿ ಮಾಡದಿರಿ ಎಂಬುದು ಸೂರಃ ಅಲ್ ಹುಜುರಾತ್‌ನ ಬೋಧನೆ. ಇದು ವಾಟ್ಸ್‌ಆ್ಯಪ್ ಸಂದೇಶಕ್ಕೂ ಅನ್ವಯವಾಗುತ್ತದೆ. ವೈದ್ಯಲೋಕ ಸತ್ಯವನ್ನು ಮುಚ್ಚಿಡಬಾರದು. ಅದು ಅವರ ಹೊಣೆ. ಪ್ರಶ್ನಿಸುವುದು ನಮ್ಮ ಹಕ್ಕು. ಆದರೆ ಪ್ರಶ್ನೆಗೆ ಉತ್ತರ ದೊರೆತ ಬಳಿಕವೂ ಸಂಶಯಕ್ಕೇ ಅಂಟಿಕೊಂಡರೆ ಅದು ಎಚ್ಚರಿಕೆಯಲ್ಲ, ಹಠ. ಹಜ್‌ಗೆ ಹೊರಡುವ ನಮ್ಮ ಹಿರಿಯರು ಮೆನಿಂಜೈಟಿಸ್ ಚುಚ್ಚುಮದ್ದು ಪಡೆದೇ ಪವಿತ್ರ ಭೂಮಿಗೆ ತೆರಳುತ್ತಾರೆ. ಸೂಜಿಯ ನೋವು ಕ್ಷಣಿಕ. ಮಕ್ಕಳು ಅಲ್ಲಾಹನು ನಮಗೆ ವಹಿಸಿಕೊಟ್ಟ ಅಮಾನತ್. ನಮ್ಮ ಸಂಶಯದ ಬೆಲೆಯನ್ನು ಅವರು ತೆರುವಂತಾಗದಿರಲಿ.