ರಿವಾಲ್ವರಿನ ಗುಣಾಗುಣವಿಚಾರ

ವಸಿಷ್ಠನ ಹೆಸರಿನಲ್ಲಿ ಪ್ರಚಾರದಲ್ಲಿರುವ ಧನುರ್ವೇದಸಂಹಿತೆಯಲ್ಲಿ ಬಿಲ್ಲಿನ ಲಕ್ಷಣವನ್ನು ಹೇಳುವ ಸಂದರ್ಭದಲ್ಲಿ ಒಂದು ವಿಚಾರವು ಬರುವುದು. ಬಿಲ್ಲಿನ ಬಿಗುವಿನಿಂದಲೇ ಪೀಡಿತನಾದ ಬಿಲ್ಲುಗಾರನಿಗೆ ಗುರಿಯು ಕಾಣಿಸದು. ಆದುದರಿಂದ ಅವನವನ ಬಲದ ಅಳತೆಗೆ ಸರಿಯಾದ ಚಾಪವೇ ಶುಭಕರವೆಂದು ಅಲ್ಲಿಯ ಅಭಿಪ್ರಾಯ. ಶುಕ್ರನೀತಿಯಲ್ಲಿರುವ ನಾಲಿಕಾಯುಧದ ವರ್ಣನೆಯನ್ನು ಹಿಡಿದುಕೊಂಡು, ಪ್ರಾಚೀನ ಭಾರತೀಯರಿಗೆ ಕೋವಿಯೂ ಮದ್ದೂ ತಿಳಿದಿದ್ದುವೆಂದು ಗುಸ್ಟಾವ್ ಆಪ್ಪರ್ಟ್ ಎಂಬ ಜರ್ಮನ್ ಪಂಡಿತನು 1880ರಲ್ಲಿ ವಾದಿಸಿದನು. ಆ ಭಾಗವು ಅರ್ವಾಚೀನವೆಂದು ವಿದ್ವಾಂಸರು ಬಳಿಕ ತೋರಿಸಿಕೊಟ್ಟಿರುವುದರಿಂದ ಆ ಹೆಮ್ಮೆಯನ್ನು ಬಿಟ್ಟುಬಿಡುವುದೇ ಲೇಸು. ಬಿಲ್ಲನ್ನು ಕುರಿತ ಮೇಲಿನ ಮಾತಾದರೋ ಅಂಥದಲ್ಲ. ಅದನ್ನು ಬರೆದವನು ಕನಸಿನಲ್ಲಿಯೂ ಕಂಡರಿಯದ ರಿವಾಲ್ವರೆಂಬ ಆಯುಧಕ್ಕೂ ಅದು ಅಕ್ಷರಶಃ ಅನ್ವಯಿಸುವುದು.

ಒಳ್ಳೆಯ ರಿವಾಲ್ವರು ಯಾವುದೆಂಬ ಪ್ರಶ್ನೆಯು ಗೃಹಸ್ಥರ ಮನೆಗಳನ್ನು ಹೊಕ್ಕುದು 1850ರ ದಶಕದ ಇಂಗ್ಲೆಂಡಿನಲ್ಲಿ. ಅಲ್ಲಿ ಸಾಮಾನ್ಯ ಸೈನಿಕನಿಗೆ ಬಂದೂಕನ್ನು ಸರ್ಕಾರವೇ ಕೊಡುತ್ತಿದ್ದಿತು. ಅಧಿಕಾರಿಯಾದವನು ಕತ್ತಿಯನ್ನೂ ಪಿಸ್ತೂಲನ್ನೂ ಸ್ವಂತ ಖರ್ಚಿನಿಂದ ಕೊಂಡುಕೊಳ್ಳಬೇಕಾಗಿದ್ದಿತು. ಕುಂಪಣಿಯ ಸೈನ್ಯಕ್ಕೆ ಸೇರಿ ಹಿಂದೂಸ್ಥಾನಕ್ಕೆ ಹೊರಟ ಎಳೆಯ ಪ್ರಾಯದ ಹುಡುಗನಲ್ಲಿ ಅಷ್ಟು ಹಣವೆಲ್ಲಿಂದ ಬರಬೇಕು? ತಂದೆಯೋ ಸೋದರಮಾವನೋ ಕೊಡಿಸಬೇಕು. ಕೊಡಿಸುವವರಲ್ಲಿ ಬಹುಮಂದಿ ಯುದ್ಧವನ್ನು ಕಂಡವರಲ್ಲ. ಹುಡುಗನ ಪ್ರಾಣವು ಒಂದು ದಿನ ಆ ಕಬ್ಬಿಣದ ತುಂಡನ್ನು ಅವಲಂಬಿಸಬಹುದೆಂಬುದು ಮಾತ್ರ ಅವರಿಗೆ ಗೊತ್ತಿದ್ದಿತು. ಅದಕ್ಕೆ ಹಿಂದಿನ ತಲೆಮಾರಿನವರಿಗೆ ಈ ಚಿಂತೆಯೇ ಇರಲಿಲ್ಲ. ಒಂದು ಸಲ ಹಾರಿಸಿದರೆ ಮುಗಿದುಹೋಗುವ ಪಿಸ್ತೂಲುಗಳಲ್ಲಿ ಯಾವುದನ್ನು ಕೊಂಡರೂ ವ್ಯತ್ಯಾಸವು ಸ್ವಲ್ಪವೇ.

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ನಡೆದ ಮಹಾಪ್ರದರ್ಶನದಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ಎಂಬ ಅಮೆರಿಕದವನು ತನ್ನ ರಿವಾಲ್ವರುಗಳನ್ನು ಸಾಲಾಗಿ ಜೋಡಿಸಿಟ್ಟನು. ಈತನು ಹುಟ್ಟಿದುದು 1814ರಲ್ಲಿ, ಕನೆಕ್ಟಿಕಟ್ ಸಂಸ್ಥಾನದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ. ಹದಿನಾರನೆಯ ವಯಸ್ಸಿನಲ್ಲಿ, 1830ರಲ್ಲಿ, ಕಾರ್ವೋ ಎಂಬ ಹಡಗಿನಲ್ಲಿ ಕಲ್ಕತ್ತೆಗೆ ಪ್ರಯಾಣಮಾಡುವಾಗ ಮರದ ತುಂಡನ್ನು ಕೆತ್ತಿ ರಿವಾಲ್ವರಿನ ಮೊದಲನೆಯ ಮಾದರಿಯನ್ನು ಮಾಡಿದನೆಂದು ಪ್ರತೀತಿ. ಹಡಗಿನ ಚಕ್ರವು ತಿರುಗಿ ತಿರುಗಿ ನಿಲ್ಲುವುದನ್ನು ನೋಡಿ ಈ ಯೋಚನೆಯು ಹೊಳೆಯಿತೆಂದು ಹೇಳುವರು. ಆದರೆ ಎಲೀಷಾ ಕಾಲಿಯರ್ ಎಂಬವನು 1818ರಲ್ಲಿಯೇ ಹಕ್ಕುಪತ್ರವನ್ನು ಪಡೆದಿದ್ದ ಚಕಮಕಿಯ ರಿವಾಲ್ವರುಗಳು ಹಿಂದೂಸ್ಥಾನದ ಆಂಗ್ಲ ಸೈನ್ಯದಲ್ಲಿ ಬಳಕೆಯಲ್ಲಿದ್ದುವು. ಕೋಲ್ಟನು ಅಂಥದೊಂದನ್ನು ಕಲ್ಕತ್ತೆಯಲ್ಲಿಯೇ ಕಂಡಿದ್ದಿರಬೇಕೆಂದು ಊಹಿಸುವವರೂ ಉಂಟು. ಈ ಎರಡನೆಯ ಊಹೆಯು ಮೊದಲನೆಯ ಕಥೆಗಿಂತ ಹೆಚ್ಚು ಸಂಭವನೀಯವಾಗಿ ತೋರುವುದು. 1836ರಲ್ಲಿ ಅಮೆರಿಕದ ಹಕ್ಕುಪತ್ರವು ದೊರೆಯಿತು. ಮೊದಲನೆಯ ಕಾರ್ಖಾನೆಯು 1842ರಲ್ಲಿ ದಿವಾಳಿಯೆದ್ದಿತು. 1847ರಲ್ಲಿ, ಮೆಕ್ಸಿಕೋ ಯುದ್ಧದ ಸಮಯದಲ್ಲಿ, ಕ್ಯಾಪ್ಟನ್ ವಾಕರ್ ಎಂಬವನ ಪ್ರಯತ್ನದಿಂದ ಸಾವಿರ ಪಿಸ್ತೂಲುಗಳ ಬೇಡಿಕೆಯು ಬಂದು ಕೋಲ್ಟನ ಅದೃಷ್ಟವು ತಿರುಗಿತು.

ಅದೇ ಪ್ರದರ್ಶನದಲ್ಲಿ ರಾಬರ್ಟ್ ಆಡಮ್ಸ್ ಎಂಬ ಲಂಡನ್ನಿನ ಕೋವಿಗಾರನು ತನ್ನದೊಂದು ರಿವಾಲ್ವರನ್ನು ತಂದಿಟ್ಟನು. ಎರಡಕ್ಕೂ ಹೆಸರು ಒಂದೇ. ಸ್ವಭಾವವು ಬೇರೆ ಬೇರೆ.

ಕೋಲ್ಟನ ಆಯುಧದಲ್ಲಿ ಪ್ರತಿಯೊಂದು ಗುಂಡಿಗೂ ಮೊದಲು ಹೆಬ್ಬೆರಳಿನಿಂದ ಕುದುರೆಯನ್ನು ಹಿಂದಕ್ಕೆ ಎತ್ತಿ ನಿಲ್ಲಿಸಬೇಕು. ಹಾಗೆ ಎತ್ತಿದಾಗ ಆರು ಗೂಡುಗಳುಳ್ಳ ಉರುಳೆಯು ಒಂದು ಗೂಡಿನಷ್ಟು ತಿರುಗಿ ನಳಿಗೆಗೆ ಎದುರಾಗಿ ನಿಲ್ಲುವುದು. ಆಮೇಲೆ ಟ್ರಿಗರನ್ನು ಮೆಲ್ಲನೆ ಮುಟ್ಟಿದರೆ ಸಾಕು. ಬೆರಳಿಗೆ ಶ್ರಮವಿಲ್ಲದುದರಿಂದ ಗುರಿಯು ಅಲುಗದು. ಆಡಮ್ಸನ ಆಯುಧದಲ್ಲಿ ಹೆಬ್ಬೆರಳಿಗೆ ಕೆಲಸವೇ ಇಲ್ಲ. ಟ್ರಿಗರನ್ನು ಎಳೆಯುವ ಒಂದೇ ಬೆರಳು ಉರುಳೆಯನ್ನು ತಿರುಗಿಸಬೇಕು, ಕುದುರೆಯನ್ನು ಎತ್ತಬೇಕು, ಬೀಳಿಸಬೇಕು. ಆದಕಾರಣ ಎಳೆತವು ಬಲು ಭಾರ; ದೂರದ ಗುರಿಯು ತಪ್ಪುವುದು ಸಹಜ. ಆದರೆ ಒಂದು ಕೈಯಲ್ಲಿ ಲಗಾಮನ್ನು ಹಿಡಿದು, ಎದುರಿಗೆ ನಾಲ್ಕು ಮಾರು ದೂರದಲ್ಲಿ ಶತ್ರುವನ್ನು ಕಂಡು, ಭಯದಿಂದ ಕೈಯೆಲ್ಲ ಬೆವರಿದವನಿಗೆ ಹೆಬ್ಬೆರಳಿನ ಸೂಕ್ಷ್ಮವ್ಯಾಪಾರವು ನೆನಪಿಗೆ ಬರುವುದೇ? ಬಿಗಿಯಾಗಿ ಮುಷ್ಟಿಕಟ್ಟುವುದೊಂದು ಮಾತ್ರ ಆಗ ಮನುಷ್ಯನಿಗೆ ಸ್ವಾಭಾವಿಕ. ಮುಷ್ಟಿಕಟ್ಟಿದರೆ ಆಡಮ್ಸನ ರಿವಾಲ್ವರು ಹಾರುತ್ತಿದ್ದಿತು.

ಕಟ್ಟಡದಲ್ಲಿಯೂ ಭೇದವಿದ್ದಿತು. ಕೋಲ್ಟನದರಲ್ಲಿ ನಳಿಗೆಯನ್ನು ಒಂದು ಬೆಣೆಯಿಂದ ಹಿಡಿಗೆ ಬಂಧಿಸಿದ್ದರು. ಉರುಳೆಯ ಮೇಲ್ಭಾಗವು ಬಯಲು. ಒಮ್ಮೊಮ್ಮೆ ಒಡೆದ ಕೇಪಿನ ಚೂರು ಯಂತ್ರದೊಳಕ್ಕೆ ಬಿದ್ದು ಎಲ್ಲವೂ ಸ್ತಂಭಿಸಿಹೋಗುತ್ತಿದ್ದಿತು. ಆಡಮ್ಸನು ಚೌಕಟ್ಟನ್ನೂ ನಳಿಗೆಯನ್ನೂ ಒಂದೇ ಲೋಹಖಂಡದಿಂದ ಬಡಿದು ಮಾಡಿದ್ದನು. ಗುಂಡುಗಳು ಮುಗಿದರೂ ಗದೆಯಂತೆ ಬೀಸಬಹುದಾಗಿದ್ದಿತು. ಆದರೆ ಅವನ ಮೊದಮೊದಲಿನ ರಿವಾಲ್ವರುಗಳಿಗೆ ಗುಂಡನ್ನು ಗಟ್ಟಿಸುವ ಸನ್ನೆಯೇ ಇರಲಿಲ್ಲ. ಬೆರಳಿನಿಂದ ಒತ್ತಿ ಕೂರಿಸಿದ ಗುಂಡು ಕುದುರೆಯ ಓಟದಲ್ಲಿ ಸಡಿಲವಾಗಿ ಜಾರಿಹೋಗುವ ಸಂಭವವಿದ್ದಿತು. ಮನೆಯವರು ಅಂಗಡಿಯಲ್ಲಿ ಕೈಗೆತ್ತಿಕೊಂಡು ನೋಡಿದರೆ ಈ ಯಾವ ದೋಷವೂ ತಿಳಿಯುವಂತಿರಲಿಲ್ಲ. ಅಲ್ಲಿ ಕಣ್ಣಿಗೆ ಬೀಳುತ್ತಿದ್ದುದು ಹೊಳಪು, ಕೆತ್ತನೆ ಮತ್ತು ಬೆಲೆ. ಕೋಲ್ಟನ ನೌಕಾಮಾದರಿಯ ಉರುಳೆಯ ಮೇಲೆ ಟೆಕ್ಸಸ್ ಮತ್ತು ಮೆಕ್ಸಿಕೋ ನೌಕಾಬಲಗಳ ಯುದ್ಧದ ಚಿತ್ರವೊಂದು ಅಂದವಾಗಿ ಕೆತ್ತಲ್ಪಟ್ಟಿದ್ದಿತು. ಅದನ್ನು ಮೆಚ್ಚಿ ಕೊಂಡವರು ಎಷ್ಟು ಮಂದಿಯೋ!

ಕೋಲ್ಟನು ಮಾತಿನಲ್ಲಿಯೂ ನಿಪುಣ. 1851ರ ನವೆಂಬರಿನಲ್ಲಿ ಲಂಡನ್ನಿನ ಸಿವಿಲ್ ಇಂಜಿನಿಯರುಗಳ ಸಂಸ್ಥೆಯಲ್ಲಿ ತನ್ನ ಆಯುಧವನ್ನು ಕುರಿತು ಪ್ರಬಂಧವನ್ನೋದಿದನು. 1853ರಲ್ಲಿ ಥೇಮ್ಸ್ ನದಿಯ ದಡದ ಪಿಮ್ಲಿಕೋದಲ್ಲಿ ಕಾರ್ಖಾನೆಯನ್ನು ತೆರೆದು, ಯಂತ್ರಗಳಿಂದಲೇ ಭಾಗಗಳನ್ನು ಕಡೆದು, ಒಂದರ ಭಾಗವು ಇನ್ನೊಂದಕ್ಕೆ ಹೊಂದುವಂತೆ ಮಾಡಿಸಿದನು. ಕ್ರಿಮಿಯಾ ಯುದ್ಧವು ಬಂದಾಗ ಆಂಗ್ಲ ಸರ್ಕಾರವು ಅವನಿಂದ ಸಾವಿರಗಟ್ಟಲೆ ರಿವಾಲ್ವರುಗಳನ್ನು ಕೊಂಡಿತು. ಆದರೂ ರಣರಂಗದಿಂದ ಮರಳಿದ ಅಧಿಕಾರಿಗಳಲ್ಲಿ ಅನೇಕರ ಒಲವು ಆಡಮ್ಸನ ಕಡೆಗಿದ್ದಿತು. ಕೊನೆಗೆ 1856ರಲ್ಲಿ ಇಂಜಿನಿಯರ್ ದಳದ ಲೆಫ್ಟಿನೆಂಟ್ ಬ್ಯೂಮಾಂಟ್ ಎಂಬವನು ಎರಡು ಮತಗಳನ್ನೂ ಸಮನ್ವಯಗೊಳಿಸಿದನು. ಅವನು ತಿದ್ದಿದ ಆಡಮ್ಸ್ ರಿವಾಲ್ವರಿನಲ್ಲಿ ಸಮಯವಿದ್ದರೆ ಹೆಬ್ಬೆರಳಿನಿಂದ ಕುದುರೆಯೆತ್ತಿ ನಿಧಾನವಾಗಿ ಗುರಿಯಿಡಬಹುದು. ಸಮಯವಿಲ್ಲದಿದ್ದರೆ ಟ್ರಿಗರನ್ನೇ ಎಳೆಯಬಹುದು. ಅದೇ ವರ್ಷದ ಕೊನೆಗೆ ಕೋಲ್ಟನು ಲಂಡನ್ನಿನ ಕಾರ್ಖಾನೆಯನ್ನು ಮುಚ್ಚಿದನು.

ಮರುವರ್ಷವೇ 1857. ಆ ಕಾಲದ ಒಂದು ಕಥೆಯು ಆಯುಧಗಳನ್ನು ಕುರಿತ ಆಂಗ್ಲ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವುದು. ಪಿಸ್ತೂಲಿನ ಗುರಿಯಲ್ಲಿ ತನಗೆ ಸಮಾನರಿಲ್ಲವೆಂದು ಹೆಮ್ಮೆಪಡುತ್ತಿದ್ದ ಅಧಿಕಾರಿಯೊಬ್ಬನ ಮೇಲೆ ದೃಢಕಾಯನಾದ ಸಿಪಾಯಿಯೊಬ್ಬನು ಕತ್ತಿಯನ್ನೆತ್ತಿ ಬಂದನು. ಅಧಿಕಾರಿಯು ತನ್ನ ಕೋಲ್ಟ್ ನೌಕಾಮಾದರಿಯಿಂದ ಗುಂಡಿನ ಮೇಲೆ ಗುಂಡನ್ನು ಹಾರಿಸಿದನು; ಗುರಿಯೂ ತಪ್ಪಲಿಲ್ಲ. ಐದು ಗುಂಡುಗಳು ಎದೆಯನ್ನು ಹೊಕ್ಕು ಬೆನ್ನಿನಿಂದ ಹೊರಬಿದ್ದಿದ್ದರೂ ಆ ಸಿಪಾಯಿಯು ನಿಲ್ಲದೆ ಬಂದು, ಅಧಿಕಾರಿಯ ತಲೆಯನ್ನು ಸೀಳಿ, ಆಮೇಲೆ ತಾನೂ ಬಿದ್ದನು. ಕಥೆಯಲ್ಲಿ ಇಬ್ಬರಿಗೂ ಹೆಸರಿಲ್ಲ. ಇದನ್ನು ಹೇಳಿದವರ ತಾತ್ಪರ್ಯವು ಗುಂಡಿನ ತೂಕವನ್ನು ಕುರಿತದ್ದು; ಆ ಸಿಪಾಯಿಯ ಧೈರ್ಯವನ್ನು ಕುರಿತು ಅವರು ಏನನ್ನೂ ಬರೆಯಲಿಲ್ಲ. ತೂಕದ ಲೆಕ್ಕವಾದರೋ ಹೀಗಿದೆ. ಒಂದು ಪೌಂಡು ಸೀಸದಿಂದ 54 ಗುಂಡುಗಳಾಗುವ ನಳಿಗೆಯು ಆಡಮ್ಸನ ಸಾಮಾನ್ಯವಾದ ಅಳತೆ, ಎಂದರೆ ಸುಮಾರು 0.44 ಅಂಗುಲ. ಕೋಲ್ಟನ ನೌಕಾಮಾದರಿಯದು 0.36 ಅಂಗುಲ. ದುಂಡುಗುಂಡಿನ ಲೆಕ್ಕದಲ್ಲಿ ಎರಡನೆಯದರ ತೂಕವು ಮೊದಲನೆಯದರ ಮೂರರಲ್ಲಿ ಎರಡು ಪಾಲಿಗಿಂತಲೂ ಕಡಮೆ. ಕೋಲ್ಟನಲ್ಲಿ 0.44 ಅಂಗುಲದ ಡ್ರಗೂನ್ ಮಾದರಿಯೂ ಇದ್ದಿತು. ಆದರೆ ಅದು ನಾಲ್ಕು ಪೌಂಡುಗಳನ್ನು ಮೀರಿದ ಭಾರವಾದುದರಿಂದ ಸೊಂಟಕ್ಕೆ ಹೊರೆ. ಹಗುರವಾದುದನ್ನು ಆರಿಸಿ ಕೊಟ್ಟ ಬಂಧುವು ಹುಡುಗನ ನಡುವಿನ ನೋವನ್ನು ತಪ್ಪಿಸಿದನು, ಅಷ್ಟೆ.

ಲಂಡನ್ನಿನಲ್ಲಿ ಕೋಲ್ಟೋ ಆಡಮ್ಸೋ ಎಂಬ ಚರ್ಚೆಯು ನಡೆಯುತ್ತಿದ್ದಾಗಲೇ ಕನ್ನಡ ನಾಡಿನಲ್ಲಿ ಯಾವ ಆಯುಧವೆಂಬ ಪ್ರಶ್ನೆಯೇ ಇಲ್ಲವಾಯಿತು. 1857ರ ನಿಶ್ಶಸ್ತ್ರೀಕರಣದ ಕಾನೂನಿನಂತೆ ಜನರು ತಮ್ಮ ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞೆಯಾಯಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಅವರಲ್ಲಿ ರಿವಾಲ್ವರುಗಳಿರಲಿಲ್ಲ, ತಂದೆಯಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಬಂದ ಕತ್ತಿ, ಹಳೆಯ ತುಬಾಕಿಗಳು. ಬೇಟೆಯ ಕುಲಕ್ಕೆ ಅವು ಜೀವನಾಧಾರ, ಮಾನವೂ ಹೌದು. ನವೆಂಬರ್ ಕೊನೆಯಲ್ಲಿ ಸೈನ್ಯವು ಬಂದು ಊರನ್ನು ಸುಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಈ ವೃತ್ತಾಂತದ ಲಾವಣಿಯನ್ನು ಆಂಗ್ಲ ಅಧಿಕಾರಿಯೇ ಆದ ಫ್ಲೀಟರು ಸಂಗ್ರಹಿಸಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚುಮಾಡಿಸಿದುದು ಆ ಕಾಲದ ಸತ್ಕಾರ್ಯಗಳಲ್ಲೊಂದು.

ಪ್ರಜೆಗಳ ಆಯುಧಕ್ಕೆ ರಾಜಮುದ್ರೆಯು ಬೇಕೆಂಬುದು ಆಂಗ್ಲರು ಹೊಸದಾಗಿ ಕಂಡುಹಿಡಿದ ನೀತಿಯಲ್ಲ. ಮೈಸೂರಿನ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಐದನೆಯ ಅಧಿಕರಣದಲ್ಲಿಯೂ, ಮುದ್ರೆಯ ಅನುಜ್ಞೆಯಿಲ್ಲದವರು ಶಸ್ತ್ರವಿಲ್ಲದೆಯೇ ಸಂಚರಿಸಬೇಕೆಂಬ ವಿಧಿಯುಂಟು. ಭೇದವಿರುವುದು ಪಕ್ಷಪಾತದಲ್ಲಿ. 1878ರ ಶಸ್ತ್ರಶಾಸನವು ಈ ದೇಶದವರಿಗೆ ಪರವಾನಗಿಯನ್ನು ವಿಧಿಸಿ, ಅದರ ನಿಯಮಗಳ ಮೂಲಕ ಯೂರೋಪಿಯನರನ್ನು ಬಿಟ್ಟುಕೊಟ್ಟಿತು. ಕೊಡಗಿನವರಿಗೆ ಮಾತ್ರ 1861ರಿಂದಲೇ ವಿನಾಯಿತಿಯಿದ್ದಿತು. ಅದು ಇಂದಿಗೂ ನಿಂತಿದೆ; 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು.

ಅತ್ತ ಆಯುಧದ ಯಂತ್ರವು ಬೇಗಬೇಗನೆ ಸುಧಾರಿಸಿತು. 1857ರಲ್ಲಿ ಸ್ಮಿತ್ ಮತ್ತು ವೆಸನ್ ಎಂಬವರು ಲೋಹದ ತೋಟಾವನ್ನು ನುಂಗುವ ಪುಟ್ಟ ರಿವಾಲ್ವರನ್ನು ಮಾಡಿದರು. ಮದ್ದು, ಗುಂಡು, ಕೇಪುಗಳನ್ನು ಬೇರೆ ಬೇರೆ ತುಂಬುವ ಕಷ್ಟವು ಕ್ರಮೇಣ ತಪ್ಪಿತು. 1887ರಲ್ಲಿ ಆಂಗ್ಲ ಸೈನ್ಯವು ವೆಬ್ಲಿಯ ರಿವಾಲ್ವರನ್ನು ಅಂಗೀಕರಿಸಿತು. ಆದರೂ ಕೈಗೆ ತಕ್ಕುದನ್ನು ಆರಿಸುವ ಪ್ರಶ್ನೆಯು ಹಾಗೆಯೇ ಉಳಿಯಿತು. ಅದಕ್ಕೆ ಬೆಂಗಳೂರಿನ ದಂಡಿನಲ್ಲಿದ್ದ ಒಬ್ಬ ತರುಣನೇ ನಿದರ್ಶನ. 1896ರಲ್ಲಿ ನಾಲ್ಕನೆಯ ಹುಸಾರ್ ದಳದ ವಿನ್‌ಸ್ಟನ್ ಚರ್ಚಿಲನು ಮುಂಬಯಿಯ ಸಸೂನ್ ಧಕ್ಕೆಯಲ್ಲಿ ಇಳಿಯುವಾಗ, ದೋಣಿಯು ತೂಗಾಡುತ್ತಿರಲು ಗೋಡೆಯ ಕಬ್ಬಿಣದ ಬಳೆಯನ್ನು ಹಿಡಿದು, ಬಲಭುಜದ ಕೀಲನ್ನು ತಪ್ಪಿಸಿಕೊಂಡನು. ಬೆಂಗಳೂರಿನಲ್ಲಿ ಪೋಲೋ ಆಡುವಾಗಲೂ ಆ ತೋಳನ್ನು ಮೈಗೆ ಕಟ್ಟಿಕೊಳ್ಳಬೇಕಾಗುತ್ತಿದ್ದಿತು. ಕತ್ತಿಯನ್ನು ಬೀಸುವ ತೋಳು ತನಗಿಲ್ಲವೆಂದು ಅವನು ಮೊದಲೇ ನಿಶ್ಚಯಿಸಿಕೊಂಡಿದ್ದುದರಿಂದ, 1898ರ ಸೆಪ್ಟೆಂಬರ್ 2ರಂದು ಸೂಡಾನಿನ ಆಮ್ಡರ್ಮನ್ ಯುದ್ಧದಲ್ಲಿ ಅಶ್ವದಳವು ನುಗ್ಗಿದಾಗ ಕತ್ತಿಯನ್ನು ಒರೆಗೆ ಸೇರಿಸಿ ಮೌಸರ್ ಪಿಸ್ತೂಲನ್ನು ಕೈಗೆತ್ತಿಕೊಂಡನು. ಮೌಸರು ರಿವಾಲ್ವರಲ್ಲ, ಹತ್ತು ಗುಂಡುಗಳನ್ನು ತಾನೇ ತುಂಬಿಕೊಳ್ಳುವ ಯಂತ್ರ. ಅವನು ನೋಡಿದುದು ತನ್ನ ಭುಜವನ್ನು, ಅಂಗಡಿಯ ಹೊಳಪನ್ನಲ್ಲ. ಬದುಕಿ ಬಂದನು.

ಸ್ವತಂತ್ರ ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಅಧಿನಿಯಮವು ಬಂದಿತು; ಪರವಾನಗಿಯಲ್ಲಿ ಜಾತಿವರ್ಣಗಳ ಭೇದವು ಹೋಯಿತು. ಸೈನ್ಯ ಪೊಲೀಸರ ಬಳಕೆಯ 0.38, 0.455 ಅಂಗುಲದ ರಿವಾಲ್ವರುಗಳು ಸಾಮಾನ್ಯ ಪ್ರಜೆಗೆ ನಿಷಿದ್ಧವಾದುದರಿಂದ ಬಂಧುವಿಗೆ ಆರಿಸಿ ಕೊಡುವವನಿಗೆ ಉಳಿಯುವುದು ಹೆಚ್ಚಾಗಿ 0.32 ಅಂಗುಲದ್ದು. ಕಾನ್ಪುರದ ಸರ್ಕಾರೀ ಕಾರ್ಖಾನೆಯು 2014ರಲ್ಲಿ ಅದೇ ಅಳತೆಯ ‘ನಿರ್ಭೀಕ್’ ಎಂಬ ರಿವಾಲ್ವರನ್ನು ಸ್ತ್ರೀಯರಿಗಾಗಿಯೇ ಹೊರತಂದಿತು. 2012ರ ಡಿಸೆಂಬರ್ 16ರಂದು ದೆಹಲಿಯಲ್ಲಿ ಅತ್ಯಾಚಾರಕ್ಕೆ ಗುರಿಯಾಗಿ ಮಡಿದ, ಪತ್ರಿಕೆಗಳು ನಿರ್ಭಯಾ ಎಂದು ಕರೆದ ತರುಣಿಯ ನೆನಪು ಆ ಹೆಸರಿನಲ್ಲಿದೆ. ಟೈಟೇನಿಯಂ ಮಿಶ್ರಲೋಹದ ದೇಹ, ತೂಕ ಅರ್ಧ ಕಿಲೋ. ಬೆಲೆಯು ಆಗ ಒಂದು ಲಕ್ಷದ ಇಪ್ಪತ್ತು ಸಾವಿರ ರೂಪಾಯಿಗಳಿಗೂ ಮೇಲು. ಮಗಳಿಗೆ ಕೊಡಿಸಬೇಕೆಂದು ಹಂಬಲಿಸಿದ ತಂದೆಯರಲ್ಲಿ ಎಷ್ಟು ಮಂದಿಗೆ ಅದು ನಿಲುಕೀತು? ಹಗುರವಾದ ಆಯುಧವು ಕೈಚೀಲಕ್ಕೆ ಅನುಕೂಲ. ಆದರೆ ಅದೇ ತೋಟಾಕ್ಕೆ ಆಯುಧವು ಹಗುರವಾದಷ್ಟೂ ಅಂಗೈಗೆ ಬೀಳುವ ಒದೆತವು ಹೆಚ್ಚು, ಎರಡನೆಯ ಗುಂಡಿಗೆ ಗುರಿಯು ಮರಳುವುದು ತಡ. ಅಭ್ಯಾಸವಿಲ್ಲದ ಕೈಗೆ ಇದು ಸಣ್ಣ ವಿಷಯವಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ಪರವಾನಗಿಯನ್ನು ಬೇಡುವವರಿಗೆ ಆಯುಧವನ್ನು ಸುರಕ್ಷಿತವಾಗಿ ನಿರ್ವಹಿಸುವ ಶಿಕ್ಷಣವನ್ನು ವಿಧಿಸಿವೆ. 1850ರ ಲಂಡನ್ನಿನಲ್ಲಿ ಹುಡುಗನನ್ನು ಅಂಗಡಿಗೆ ಕರೆದೊಯ್ದ ಸೋದರಮಾವನಿಗೆ ಅಂಥ ನಿರ್ಬಂಧವೊಂದೂ ಇರಲಿಲ್ಲ. ಹಣವನ್ನೆಣಿಸಿ ಕೊಟ್ಟು, ಪೆಟ್ಟಿಗೆಯನ್ನು ಹುಡುಗನ ಕೈಗಿತ್ತು, ಹಡಗಿನವರೆಗೆ ಹೋಗಿ ಬೀಳ್ಕೊಟ್ಟು ಬರುತ್ತಿದ್ದನು.