ಎತ್ತುವುದು ಸುಲಭ, ನಿಲ್ಲಿಸುವುದು ಕಷ್ಟ

ಕಾರು, ಲಾರಿಗಳಲ್ಲಿ ಒಯ್ಯುವ ಹೆಚ್ಚುವರಿ ಚಕ್ರವನ್ನು ನಮ್ಮ ಚಾಲಕರೆಲ್ಲ 'ಸ್ಟೆಪ್ನಿ' ಎನ್ನುತ್ತಾರೆ. ಅದು ಬ್ರಿಟನ್ನಿನ ವೇಲ್ಸ್‌ನಲ್ಲಿರುವ ಲಾನೆಲಿ ಪಟ್ಟಣದ ಒಂದು ಬೀದಿಯ ಹೆಸರು ಎಂಬುದನ್ನು ಬಲ್ಲವರು ಕಡಿಮೆ. ಮೋಟಾರು ವಾಹನಗಳ ಆರಂಭದ ದಿನಗಳಲ್ಲಿ ಚಕ್ರಗಳನ್ನು ಈಗಿನಷ್ಟು ಸುಲಭವಾಗಿ ಕಳಚಲು ಬರುತ್ತಿರಲಿಲ್ಲ. ಪಂಕ್ಚರ್ ಆದರೆ ದಾರಿಬದಿಯಲ್ಲೇ ಕುಳಿತು, ಟೈರನ್ನು ರಿಮ್ಮಿನಿಂದ ಬಿಡಿಸಿ, ತೇಪೆ ಹಾಕಿ, ಮತ್ತೆ ಗಾಳಿ ತುಂಬಬೇಕಿತ್ತು. 1904ರಲ್ಲಿ ಲಾನೆಲಿಯ ಡೇವಿಸ್ ಸೋದರರು ಕಡ್ಡಿಗಳಿಲ್ಲದ ಒಂದು ರಿಮ್ಮಿಗೆ ಮೊದಲೇ ಗಾಳಿ ತುಂಬಿದ ಟೈರನ್ನು ಹಾಕಿ, ಅದನ್ನು ಕೆಟ್ಟ ಚಕ್ರದ ಪಕ್ಕಕ್ಕೆ ಬಿಗಿಯುವ ಉಪಾಯ ಹೂಡಿದರು. ಕಳಚುವ ಚಕ್ರಗಳು ಬಂದ ಮೇಲೆ ಆ ಸಾಧನ ಮೂಲೆಗೆ ಸೇರಿತು. ಹೆಸರು ಮಾತ್ರ ಭಾರತದಲ್ಲಿ, ಮಾಲ್ಟಾದಲ್ಲಿ ಉಳಿಯಿತು. ಬ್ರೆಜಿಲ್‌ನಲ್ಲಿ 'ಎಸ್ಟೆಪಿ' ಆಯಿತು.

ಚಕ್ರವನ್ನು ಕಳಚಬೇಕಾದರೆ ಮೊದಲು ವಾಹನವನ್ನು ನೆಲದಿಂದ ಎತ್ತಬೇಕು. ಈ ಸಮಸ್ಯೆಗೆ ಉತ್ತರ ಮೋಟಾರಿಗಿಂತಲೂ ಹಳೆಯದು. ಮುಚ್ಚಿದ ಪಾತ್ರೆಯೊಳಗಿನ ದ್ರವದ ಮೇಲೆ ಒತ್ತಡ ಹಾಕಿದರೆ ಅದು ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ ಎಂಬುದನ್ನು ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ ತೋರಿಸಿದ್ದ. ಇದನ್ನೇ ಬಳಸಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಜಲಒತ್ತು ಯಂತ್ರಕ್ಕೆ ಪೇಟೆಂಟ್ ಪಡೆದ. ನ್ಯೂಯಾರ್ಕಿನ ರಿಚರ್ಡ್ ಡಜನ್ 1851ರಲ್ಲಿ ಅದನ್ನು ಹೊತ್ತೊಯ್ಯಬಹುದಾದ ಜಾಕಿಯ ರೂಪಕ್ಕೆ ತಂದ. ಇದರ ಲೆಕ್ಕ ಸರಳ. ದೊಡ್ಡ ಕೊಂತದ ವಿಸ್ತೀರ್ಣ ಸಣ್ಣದರ ಇಪ್ಪತ್ತು ಪಟ್ಟು ಇದ್ದರೆ, ಕೈ ಹಾಕಿದ ಬಲವೂ ಇಪ್ಪತ್ತು ಪಟ್ಟಾಗುತ್ತದೆ; ಆದರೆ ಮೇಲೇರುವ ದೂರ ಇಪ್ಪತ್ತನೇ ಒಂದು ಭಾಗಕ್ಕಿಳಿಯುತ್ತದೆ. ಹೀಗೆ ಒಬ್ಬನೇ ಮನುಷ್ಯ ಟನ್ನುಗಟ್ಟಲೆ ಭಾರವನ್ನು ಎತ್ತುವುದು ಸಾಧ್ಯವಾಯಿತು.

ಎತ್ತಿದ್ದು ಅಲ್ಲೇ ನಿಲ್ಲುತ್ತದೆಯೆ? ಈ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾಗಿ ಎದುರಾದದ್ದು ಅಮೆರಿಕದ ರಸ್ತೆಗಳಲ್ಲಿ, ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಲಿಯ ಮನೆಗಳಿಗೆ. ಮೊದಲನೆಯ ಮಹಾಯುದ್ಧದ ನಂತರ ಅಲ್ಲಿ ಕಾರುಗಳು ಸಾಮಾನ್ಯರ ಕೈಗೆ ಸಿಕ್ಕವು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಇಂಥ ಪ್ರವಾಸಿಗಳು 'ಟಿನ್ ಕ್ಯಾನ್ ಟೂರಿಸ್ಟ್ಸ್' ಎಂಬ ಕೂಟವನ್ನೇ ಕಟ್ಟಿಕೊಂಡರು. ಡೇರೆಯ ಜಾಗಕ್ಕೆ ಕ್ರಮೇಣ ಗಟ್ಟಿ ಗೋಡೆಯ ಟ್ರೇಲರ್‌ಗಳು ಬಂದವು. ವಾಲಿ ಬಯಮ್ ಎಂಬಾತನ ಏರ್‌ಸ್ಟ್ರೀಮ್ ಕಂಪನಿ 1936ರಲ್ಲಿ ವಿಮಾನದಂತೆ ಅಲ್ಯೂಮಿನಿಯಂ ತಗಡುಗಳನ್ನು ರಿವೆಟ್ ಹೊಡೆದು ಕೂಡಿಸಿದ 'ಕ್ಲಿಪ್ಪರ್' ಮಾದರಿಯನ್ನು ತಂದಿತು. 1959ರಲ್ಲಿ ಇದೇ ಬಯಮ್ 41 ಟ್ರೇಲರ್‌ಗಳ ಸಾಲನ್ನು ಕೇಪ್‌ಟೌನಿನಿಂದ ಕೈರೋವರೆಗೆ, ಇಡೀ ಆಫ್ರಿಕ ಖಂಡವನ್ನು ಹಾಯಿಸಿ ಕರೆದೊಯ್ದ.

ಕಾರಿಗೂ ಟ್ರೇಲರಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಕಾರು ನಾಲ್ಕು ಮೂಲೆಗಳಲ್ಲಿ ನಾಲ್ಕು ಚಕ್ರಗಳನ್ನೂರಿ ನಿಲ್ಲುತ್ತದೆ. ಟ್ರೇಲರಿನ ಚಕ್ರಗಳಿರುವುದು ಹೆಚ್ಚುಕಡಿಮೆ ನಡುವಿನಲ್ಲಿ. ಮುಂದಿನ ತುದಿ ಕಾರಿನ ಕೊಂಡಿಯ ಮೇಲೆ ಒರಗಿರುತ್ತದೆ. ಒಂದು ಪಕ್ಕವನ್ನು ಎತ್ತಿದರೆ ಉಳಿಯುವುದು ಇನ್ನೊಂದು ಪಕ್ಕದ ಚಕ್ರಗಳು ಮತ್ತು ಆ ಕೊಂಡಿ. ಅವು ಉರುಳಿದರೆ ಜಾಕಿ ಓರೆಯಾಗಿ, ಇಡೀ ಮನೆ ಕೆಳಗೆ ಬೀಳುತ್ತದೆ. ಎರಡು ಮೂರು ಟನ್ ಭಾರದ ಅಡಿಯಲ್ಲಿ ಸಿಕ್ಕವರ ಗತಿ ಹೇಳಬೇಕಾಗಿಲ್ಲ.

ಇನ್ನು ಜಾಕಿಯನ್ನು ಎಲ್ಲಿ ಇಡಬೇಕು? ಹಳೆಯ ಟ್ರೇಲರ್‌ಗಳಲ್ಲಿ ಗಟ್ಟಿ ಅಚ್ಚು, ಅದರ ಮೇಲೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗು. ಅಚ್ಚಿನ ಕೆಳಗೇ ಜಾಕಿ ಕೊಡುವುದು ಅನೇಕ ಚಾಲಕರಿಗೆ ರೂಢಿಯಾಗಿತ್ತು. 1961ರಲ್ಲಿ ಏರ್‌ಸ್ಟ್ರೀಮ್ ಬೇರೊಂದು ಬಗೆಯ ಅಚ್ಚಿಗೆ ಬದಲಾಯಿತು. ಅದರಲ್ಲಿ ಹೊರಗೊಂದು ಟೊಳ್ಳು ಕೊಳವೆ, ಒಳಗೊಂದು ಸರಳು, ಎರಡರ ನಡುವೆ ಒತ್ತಿ ತುಂಬಿದ ರಬ್ಬರು. ಚಕ್ರ ಹಳ್ಳಕ್ಕೆ ಬಿದ್ದಾಗ ಸರಳು ತಿರುಚಿಕೊಳ್ಳುತ್ತದೆ, ರಬ್ಬರು ಹೊಡೆತವನ್ನು ನುಂಗುತ್ತದೆ. ಪ್ರಯಾಣ ಮೃದುವಾಯಿತು. ಆದರೆ ಇಂಥ ಅಚ್ಚಿನ ಕೊಳವೆಗೆ ಕೆಳಗಿನಿಂದ ಜಾಕಿ ಕೊಟ್ಟರೆ ಅದು ಬಾಗಬಹುದು. ಕಣ್ಣಿಗೆ ಕಾಣದಷ್ಟು ಬಾಗಿದರೂ ಚಕ್ರಗಳ ನೇರ ತಪ್ಪಿ, ಹೊಸ ಟೈರು ಬೇಗನೆ ಸವೆಯುತ್ತದೆ. ಹಳೆಯ ರೂಢಿ ಹೊಸ ಗಾಡಿಗೆ ಕುತ್ತಾದದ್ದು ಹೀಗೆ. ಆದ್ದರಿಂದಲೇ ಅಚ್ಚಿಗಲ್ಲ, ಷಾಸಿಗೆ ಜಾಕಿ ಕೊಡಿ ಎಂದು ತಯಾರಕರು ಎಚ್ಚರಿಸುತ್ತಾರೆ. ಅನೇಕ ಮಾದರಿಗಳಲ್ಲಿ ಚಕ್ರಗಳ ಹಿಂದೆ, ಷಾಸಿಯ ಅಡಿಯಲ್ಲಿ, ಇದಕ್ಕೆಂದೇ ಗುರುತು ಮಾಡಿದ ಜಾಗವಿರುತ್ತದೆ. ಮೂಲೆಗಳಲ್ಲಿ ಕೆಳಗಿಳಿಸುವ ಊರುಗಾಲುಗಳು ಬೀಡುಬಿಟ್ಟಾಗ ಮನೆ ಅಲುಗಾಡದಿರಲಿ ಎಂದು ಇರುವಂಥವು. ಅವುಗಳಿಂದ ಟ್ರೇಲರನ್ನು ಎತ್ತಲು ಹೋದರೆ ಬಗ್ಗುವುದು ಖಂಡಿತ.

ಕ್ರಮವಾದ ಕೆಲಸ ಹೀಗಿರುತ್ತದೆ. ಟ್ರೇಲರನ್ನು ಗಟ್ಟಿಯಾದ ಸಮನೆಲದ ಮೇಲೆ ನಿಲ್ಲಿಸಿ, ಕಾರಿನ ಕೊಂಡಿ ಕಳಚದೆ ಕೈಬ್ರೇಕು ಹಾಕಬೇಕು. ಒಳಗೆ ಯಾರೂ ಇರಕೂಡದು. ಎದುರು ಪಕ್ಕದ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಮರದ ಬೆಣೆ ಕೊಡಬೇಕು. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ತುಸು ಸಡಿಲಿಸಬೇಕು. ಎತ್ತಿದ ಮೇಲೆ ಜಗ್ಗಾಡಿದರೆ ಗಾಡಿ ಜಾಕಿಯಿಂದ ಜಾರುತ್ತದೆ. ಮಣ್ಣು ಮೆತ್ತಗಿದ್ದರೆ ಜಾಕಿಯ ಕೆಳಗೆ ಅಗಲವಾದ ಹಲಗೆ ಬೇಕು. ಎತ್ತಿದ ಕೂಡಲೇ ಷಾಸಿಯ ಅಡಿಗೆ ಉಕ್ಕಿನ ಸ್ಟ್ಯಾಂಡು ಇಟ್ಟು ಭಾರವನ್ನು ಅದಕ್ಕೆ ವಹಿಸಬೇಕು. ಜಾಕಿ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಒಳಗಿನ ಎಣ್ಣೆಯನ್ನು ತಡೆದಿರುವುದು ಒಂದು ಸಣ್ಣ ರಬ್ಬರು ಬಳೆ. ಅದು ಸೋರಿದರೆ ಡಜನ್‌ನ ಜಾಣ್ಮೆಯೆಲ್ಲ ವ್ಯರ್ಥ. ಹೊಸ ಚಕ್ರ ಹಾಕಿದ ಮೇಲೆ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಕೆಲವು ಮೈಲಿ ಹೋದ ಮೇಲೆ ಇನ್ನೊಮ್ಮೆ ನೋಡುವುದು ಕ್ಷೇಮ.

ಒಂದೇ ಪಕ್ಕದಲ್ಲಿ ಎರಡು ಚಕ್ರಗಳಿದ್ದರೆ ಜಾಕಿ ಇಲ್ಲದ ದಾರಿಯೂ ಉಂಟು. ಒಳ್ಳೆಯ ಚಕ್ರವನ್ನು ಹಲಗೆಗಳ ಇಳಿಜಾರಿನ ಮೇಲೆ ನಿಧಾನವಾಗಿ ಹತ್ತಿಸಿದರೆ, ರಬ್ಬರು ಅಚ್ಚಿನ ಟ್ರೇಲರ್‌ಗಳಲ್ಲಿ ಪಕ್ಕದ ಕೆಟ್ಟ ಚಕ್ರ ನೆಲ ಬಿಟ್ಟು ಮೇಲೇಳುತ್ತದೆ. ಗಾಡಿಯ ಭಾರ ತನ್ನದೇ ಚಕ್ರದ ಮೇಲೆ ಉಳಿಯುತ್ತದೆ. ಬೆಣೆಗಳು ಇಲ್ಲಿಯೂ ಬೇಕು.

ಸೈನ್ಸ್ ಪ್ಯಾಸ್ಕಲ್‌ನಿಂದ ಬಂತು, ಸ್ಟೆಪ್ನಿ ಲಾನೆಲಿಯಿಂದ ಬಂತು. ಗಾಡಿಯನ್ನು ಎತ್ತುವ ಮೊದಲು ಗಾಲಿಗೆ ಕಲ್ಲು ಒಡ್ಡುವ ಬುದ್ಧಿಗೆ ಮಾತ್ರ ಯಾರ ಪೇಟೆಂಟೂ ಇಲ್ಲ. ನಮ್ಮ ಲಾರಿ ಕ್ಲೀನರ್ ಹುಡುಗ ಬೇರೇನನ್ನು ಮುಟ್ಟುವ ಮೊದಲು ದಾರಿಬದಿಯಲ್ಲಿ ಹುಡುಕುವುದು ಆ ಕಲ್ಲನ್ನೇ.