ಕಣ್ಣಿಗೆ ಕಾಣದ ನೋವಿಗೂ ಒಂದು ಇತಿಹಾಸ ಐತಿ

1/6
ಕಿತ್ತೂರಿನ ಇತಿಹಾಸ ಅಂದ್ರ ಕೋಟೆ, ಚೆನ್ನಮ್ಮ, 1824. ಇವತ್ತಿಂದು ಬ್ಯಾರೆ. ನಮ್ಮ ಅವ್ವ, ಅಕ್ಕ, ಗೆಳತಿಯರು ಯಾರ ಮುಂದೂ ಹೇಳ್ಕೊಳ್ಳದ ನೋವಿನ ಇತಿಹಾಸ. ಹುಡುಗರೂ ಓದ್ರಿ.

2/6
ಮೊದಲು ನಮ್ಮ ಜಿಲ್ಲೆಯ ಮಾತು. ಹೆರಿಗೆಯಾದ ಮೇಲೆ ಎಷ್ಟು ರಕ್ತ ಹೋಯಿತು ಅನ್ನೋದು ಬಹಳ ಕಡೆ ಬರೀ ಕಣ್ಣಳತೆ. ಕಣ್ಣಳತೆ ಕಮ್ಮೀನ ಹೇಳ್ತದ. 2002ರಿಂದ 2005ರ ತನಕ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಜಿಲ್ಲೆಯ ಹಳ್ಳಿಗಳಲ್ಲಿ 1620 ಹೆರಿಗೆಗಳನ್ನು ಅಧ್ಯಯನ ಮಾಡಿದರು. ತಾಯಿಯ ಕೆಳಗೆ ಅಳತೆ ಗೆರೆಯಿದ್ದ ಪ್ಲಾಸ್ಟಿಕ್ ಹಾಳೆ ಹಾಸಿ ರಕ್ತ ಅಳೆದರು. ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟವರಲ್ಲಿ ಅತಿ ರಕ್ತಸ್ರಾವ ಶೇ. 6.4, ಕೊಡದವರಲ್ಲಿ ಶೇ. 12. ಅಳೆದಿದ್ದಕ್ಕ ಜಗತ್ತು ನಂಬಿತು.

3/6
ರಕ್ತ ಕಣ್ಣಿಗೆ ಕಾಣ್ತದ. ನೋವು? ಯೋನಿಯ ಹೊರಭಾಗದಲ್ಲಿ ಉರಿ, ಚುಚ್ಚಿದಂಥ ನೋವು; ನೋಡಿದರೆ ಗಾಯವಿಲ್ಲ, ಸೋಂಕಿಲ್ಲ. 1880ರಲ್ಲೇ ನ್ಯೂಯಾರ್ಕಿನ ವೈದ್ಯ ಗೈಲಾರ್ಡ್ ಥಾಮಸ್ ಇದನ್ನು ಬರೆದಿಟ್ಟಿದ್ದ. ಆಮೇಲೆ ಬಹಳ ಕಾಲ ಇದರ ಸುದ್ದಿಯೇ ಕಮ್ಮಿ. ಇಂದಿನ ಹೆಸರು ವಲ್ವೊಡೈನಿಯಾ: ಸ್ಪಷ್ಟ ಕಾರಣ ಸಿಗದೆ ಕನಿಷ್ಠ 3 ತಿಂಗಳು ಉಳಿಯುವ ನೋವು.

4/6
ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಜೋಳಿಗೆಯ ಹಾಗೆ ಹಿಡಿದಿರುವ ಸ್ನಾಯುಗಳಿವೆ, ಪೆಲ್ವಿಕ್ ಫ್ಲೋರ್. 1948ರಲ್ಲಿ ಅಮೆರಿಕದ ಆರ್ನಾಲ್ಡ್ ಕೀಗಲ್ ಇವುಗಳ ಒತ್ತಡ ಅಳೆಯುವ ಉಪಕರಣದ ಬಗ್ಗೆ ಬರೆದರು. ಅವರಿಗೆ ಬೇಕಾಗಿದ್ದು ಸಡಿಲಾದ ಸ್ನಾಯು ಗಟ್ಟಿ ಮಾಡೋದು. 1995ರಲ್ಲಿ ಹೋವರ್ಡ್ ಗ್ಲೇಜರ್ ಮತ್ತು ಸಂಗಡಿಗರು ನೋವಿದ್ದ 33 ಮಹಿಳೆಯರಲ್ಲಿ ಸಣ್ಣ ಸೆನ್ಸರ್ ಇಟ್ಟು ಸ್ನಾಯುವಿನ ವಿದ್ಯುತ್ತನ್ನೇ ಅಳೆದರು. ಇದು ಇಎಂಜಿ, ಲೆಕ್ಕ ಮೈಕ್ರೊವೋಲ್ಟ್‌ನಲ್ಲಿ. ಅಳತೆ ನೋಡುತ್ತಾ, ಬಿಗಿದು ಸಡಿಲಿಸುವ ಅಭ್ಯಾಸ ಮಾಡಿದಾಗ ವಿಶ್ರಾಂತಿಯಲ್ಲಿನ ಬಿಗಿತ ಇಳಿಯಿತು, ಬಹಳಷ್ಟು ಜನರಿಗೆ ನೋವೂ ಇಳಿಯಿತು.

5/6
ಕಥೆ ಇಲ್ಲಿಗೇ ಮುಗೀಲಿಲ್ಲ. 2004ರ ಒಂದು ಸ್ವೀಡಿಷ್ ಅಧ್ಯಯನದಲ್ಲಿ ಅದೇ ತರದ ಇಎಂಜಿ, ನೋವಿದ್ದವರನ್ನು ಇಲ್ಲದವರಿಂದ ಬೇರೆ ಮಾಡಿ ತೋರಿಸಲಿಲ್ಲ. ಸೆನ್ಸರ್ ಎಲ್ಲಿ ಕೂತಿದೆ, ಪಕ್ಕದ ಸ್ನಾಯು ಎಷ್ಟು ಮಿಡಿಯಿತು, ಪರೀಕ್ಷೆಯ ಅಂಜಿಕೆ ಎಷ್ಟು, ಎಲ್ಲಾ ಅಂಕಿಯೊಳಗೆ ಸೇರ್ತದ. ಅದಕ್ಕ ಇಎಂಜಿ ಸ್ನಾಯುವಿಗೆ ಪಾಠ ಕಲಿಸೋ ಕನ್ನಡಿ ಆಗಬಹುದು; ನೋವು ನಿಜವೋ ಸುಳ್ಳೋ ಅಂತ ತೀರ್ಪು ಕೊಡೋ ತಕ್ಕಡಿ ಅಲ್ಲ.

6/6
ನೋಡ್ರಿ, ಅಳತೆ ಇಲ್ಲದಾಗ "ಏನೂ ಇಲ್ಲ, ಎಲ್ಲಾ ಮನಸ್ಸಿಂದು" ಅಂತಾರ. ಅಳತೆ ಬಂದ ಮೇಲೂ ಅಂಕಿ ಸರಿ ಇದ್ರ ಅದನ್ನೇ ಅನ್ನಬಾರದು. ಬೆಳಗಾವಿಯ ಆ ಹಾಳೆ ಕಣ್ಣಿಗಿಂತ ಚಲೋ ಸಾಕ್ಷಿ ಹೇಳಿತು. ಈ ನೋವಿಗೆ ಇವತ್ತಿಗೂ ಮೊದಲ ಸಾಕ್ಷಿ ಆಕೆಯ ಮಾತೇ.
ನಿಮಗೆ ಹೀಗಾಗ್ತಿದ್ರ ಸ್ತ್ರೀರೋಗ ವೈದ್ಯರಿಗೆ ಹೇಳ್ರಿ, ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ ಬಗ್ಗೆ ಕೇಳ್ರಿ. ವಿಡಿಯೋ ನೋಡಿ ಬರೀ ಬಿಗಿಯೋ ವ್ಯಾಯಾಮ ಶುರು ಮಾಡಬ್ಯಾಡ್ರಿ. ಸ್ನಾಯು ಮೊದಲೇ ಬಿಗಿಯಾಗಿದ್ರ ನೋವು ಹೆಚ್ಚಾಗಬಹುದು.
ಸೇವ್ ಮಾಡ್ರಿ. ಹೇಳ್ಕೊಳ್ಳಲಾರದ ಒಬ್ಬ ಗೆಳತಿಗೆ ಸುಮ್ಮನ ಕಳಿಸ್ರಿ.

#ಕಿತ್ತೂರುನಾಡು #ಬೆಳಗಾವಿ #ಇತಿಹಾಸ #ಹೆಣ್ಣುಮಕ್ಕಳಆರೋಗ್ಯ